ಜೋಜಪ್ಪನ ನೆತ್ತಿಗೆ ಹಾಕದ ನೀರು

ಅಕ್ಕಾ, ನಿನ್ನ ಚೊಚ್ಚಲ ಕೂಸಿಗೆ ನಾನು ಜ್ಞಾನಸ್ನಾನ ಕೊಡಲಿಲ್ಲ. ಕೊಟ್ಟೆ ಅಂತ ಅವ್ವಗ ಹೇಳಿದ್ದು ಸುಳ್ಳು. ಫಾದರಿಗೆ ಹೇಳಿದ್ದು ಸುಳ್ಳು. ನಿನಗ ಹೇಳಿದ್ದೂ — ನಿನ್ನೆ ಹೇಳಿದ್ದೂ ಸೇರಿಸಿ — ಸುಳ್ಳು.

ಬರದೆ. ಇಷ್ಟು ಬರಿಯೂದಕ್ಕ ನನಗ ಐವತ್ತು ವರ್ಷದ ಮ್ಯಾಲೆ ಬೇಕಾತು.

ಖರೇ ಅಂದ್ರ ಇವತ್ತು ಇಂಥಾದ್ದು ಬರಿಯೂ ದಿನ ಅಲ್ಲ. ನಿನ್ನೆ ನನ್ನ ಮೊಮ್ಮಗಳ ಜ್ಞಾನಸ್ನಾನ ಆತು. ಕೂಸಿಗೆ ನಮ್ಮ ಅವ್ವನ ಹೆಸರು, ಅನ್ನವ್ವ. ಓಣಿ ತುಂಬ ಸಕ್ಕರಿ ಹಂಚಿದೆ, ಗುರುತಿಲ್ಲದವರ ಕೈಯಾಗೂ ಹಾಕಿದೆ. ಅತ್ತಿ, ಹಿಂಗಾದ್ರ ನಾಳಿನ ಚಾಕ್ಕ ಸಕ್ಕರಿ ಇರೂದಿಲ್ಲ ಅಂತ ಸೊಸಿ ನಕ್ಕಳು. ಇರದಿದ್ದರ ಬ್ಯಾಡ, ಬೆಲ್ಲ ಐತಿ ಅಂದೆ. ಈ ವಯಸ್ಸಿನಾಗ ಕುಣಿಯೂದೊಂದು ಬಾಕಿ ಇತ್ತು ನನಗ. ಅಷ್ಟು ಸಂತೋಷ, ಅಕ್ಕಾ — ಆದರ ಅದು ನನ್ನ ಎದಿಯೊಳಗ ಹಿಡಿಸವಲ್ದು. ಅಲ್ಲಿ ಮೊದಲ ಒಂದು ಕೂಸು ಮಲಗೇತಿ.

ನಾನು ಮೂರನೇ ಇಯತ್ತೆ ಓದಿದಾಕಿ. ತಪ್ಪಿದ್ದಲ್ಲಿ ತಪ್ಪೇ ಇರಲಿ.

ನಮ್ಮ ಅವ್ವ ಹೆಂಗಿದ್ದಳು ಅಂತ ನಿನಗ ಹೇಳಬೇಕಾಗಿಲ್ಲ. ಆದರ ಈ ಸಣ್ಣ ಅನ್ನವ್ವ ಒಂದಿನ ದೊಡ್ಡಾಕಿ ಆಗಿ ಈ ಹಾಳಿ ತಗದು ನೋಡಬಹುದು, ಆಕಿ ಸಲುವಾಗಿ ಬರೀತೇನಿ. ಅಪ್ಪ ರೈಲ್ವೆ ಕಾರ್ಖಾನಿಯಾಗ ದುಡೀತಿದ್ದ. ನನಗ ಅವನ ಮುಖ ನೆನಪಿಲ್ಲ, ಅಷ್ಟು ಲಗೂ ಹೋದ. ಅವ್ವ ಕಮರಿಪೇಟ್ಯಾಗ ಎರಡು ಖೋಲಿ ಹಿಡದು, ಮಂದಿ ತಂದುಕೊಟ್ಟ ಹಳೆ ಸೀರಿ ಪದರ ಮ್ಯಾಲೆ ಪದರ ಹಚ್ಚಿ ಕೌದಿ ಹೊಲದು ನಮ್ಮಿಬ್ಬರನ್ನ ಸಾಕಿದಳು. ಜಪಸರ ಹಿಡದು ಕೂಡೂ ಪುರಸೊತ್ತು ಆಕಿಗೆ ಎಲ್ಲಿತ್ತು? ಹತ್ತು ಹೊಲಿಗಿಗೆ ಒಂದು ನಮೋ ಮರಿಯೆ ಅಂತ ಇಟ್ಟುಕೊಂಡಿದ್ದಳು. ಸೂಜಿ ಹೋಗೂದು, ತುಟಿ ಅಲಗೂದು ಎರಡೂ ಕೂಡೇ. ಹುಬ್ಬಳ್ಳಿಯಾಗ ಎಷ್ಟು ಮಂದಿ ಗೊತ್ತಿಲ್ಲದ ಆಕಿ ಪ್ರಾರ್ಥನೆ ಹೊದ್ದುಕೊಂಡು ಮಲಗಿದರೋ.

ಅಂಥಾ ಅವ್ವಗ ನಾನು —

ಇರಲಿ, ಸರದಿ ಪ್ರಕಾರ ಹೇಳತೇನಿ.

ದುರ್ಗದಬೈಲಿನಾಗ ಖಾದಿ ಟೊಪಗಿಯವರು ನಿಂತು ಭಾಷಣ ಮಾಡೂ ಕಾಲ ಅದು. ನೀನು ಧಾರವಾಡದ ಮಾಳಮಡ್ಡಿಯ ಗಂಡನ ಮನಿಯಿಂದ ಬಾಣಂತನಕ್ಕ ಬಂದಿದ್ದಿ. ಬಸರಾದ ಸುದ್ದಿ ತಿಳಿದ ದಿನಾನೇ ನನಗ ಒಂದು ಮಾತು ಕೊಟ್ಟಿದ್ದಿ: ಕೂಸಿಗೆ ಧರ್ಮತಾಯಿ ನೀನ ಆಗಬೇಕು, ಚರ್ಚಿನಾಗ ಎಲ್ಲರ ಮುಂದ ನೀನ ಎತ್ತಿಕೊಂಡು ನಿಲ್ಲಬೇಕು. ನನಗ ಆಗಷ್ಟ ಹದಿಮೂರು ತುಂಬಿತ್ತು. ಅಷ್ಟು ಸಾಕು ಅಂತ ಫಾದರೂ ಅಂದಿದ್ದರು. ಅದಕ್ಕಂತ ಅವ್ವ ನನಗ ಒಂದು ಗುಲಾಬಿ ಪರಕಾರ ಹೊಲದಳು. ಕೌದಿಗೆ ಅಂತ ಬಂದ ಸೀರಿಯೊಳಗಿನ ರೇಶ್ಮಿ ಅಂಚು ಕೇಳಿ ಇಸಕೊಂಡು ಕೆಳಗ ಹಚ್ಚಿದ್ದಳು. ಪಾದ ಮುಚ್ಚೂ ಪರಕಾರ ನನ್ನ ಜನ್ಮದಾಗ ಅದೇ ಮೊದಲನೇದು. ದಿನಾ ಸಂದೂಕ ತಗದು ಆ ಅಂಚು ಮುಟ್ಟಿ ನೋಡತಿದ್ದೆ.

ತಿಂಗಳು ಮೊದಲ ನಿನಗ ಬ್ಯಾನಿ ಬಂದವು. ಮಟಮಟ ಮಧ್ಯಾಹ್ನ. ಬಾಜೂಮನಿ ಹುಸೇನಬಿ ಚಾಚಿ ಬಂದಳು — ಗಂಡ ಭಾಂಡೇಕ್ಕ ಕಲಾಯಿ ಹಾಕತಿದ್ದ, ಓಣ್ಯಾಗಿನ ಎಲ್ಲಾ ಹೆರಿಗಿ ಆಕಿ ಕೈಯಾಗ. ಕೂಸು ಹುಟ್ಟಿತು, ಗಂಡು. ಅಳಲಿಲ್ಲ, ಬೆಕ್ಕಿನ ಮರಿ ಹಂಗ ಒಂದು ಸಣ್ಣ ದನಿ ಅಷ್ಟ. ಅಷ್ಟರಾಗ ನಿನ್ನ ರಕ್ತ ನಿಲ್ಲವಲ್ದು. ಅವ್ವ, ಚಾಚಿ ಇಬ್ಬರೂ ನಿನ್ನ ಹಿಡಕೊಂಡಿದ್ದರು. ಕೌದಿ ತುಣುಕಿನಾಗ ಸುತ್ತಿದ ಕೂಸನ್ನ ಮೊರದಾಗ ಹಾಕಿ ನನ್ನ ಕಡೆ ದೂಡಿದರು, ಒಲಿ ಹತ್ತಿರ ಇಡು, ಕಾವು ಬೇಕು ಅಂತ.

ಚಾಚಿಯ ಗಂಡ ಫಾದರನ್ನ ಕರಿಯಾಕ ಓಡಿದ. ಓಡಿದಂಗ ತಿರುಗಿ ಬಂದ. ಫಾದರ್ ಗೋಪನಕೊಪ್ಪಕ್ಕ ಯಾರೋ ಹಾಸಿಗಿ ಹಿಡದವರನ್ನ ನೋಡಾಕ ಹೋಗ್ಯಾರ, ಬರೂದು ಸಂಜಿಗೆ.

ಆವಾಗ ಅವ್ವ ಒಳಗಿನಿಂದ ಕೂಗಿದಳು: “ತೆರೇಸಾ, ಫಾದರ್ ಬರೂತನಕ ಕೂಸು ತಡಿಯೂದಿಲ್ಲ. ನೀನ ನೀರು ಹಾಕು. ಜೋಜಪ್ಪ ಅಂತ ಹೆಸರು ಹಿಡಿ.”

ಇದು ನಮ್ಮೊಳಗ ಸಣ್ಣವರಿಗೂ ಗೊತ್ತಿದ್ದದ್ದ. ಸಾಯೂ ಕೂಸಿಗೆ, ಫಾದರ್ ಇಲ್ಲದಾಗ, ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು. ನೆತ್ತಿ ಮ್ಯಾಲೆ ಮೂರು ಸಲ ನೀರು ಹಾಕಬೇಕು, ಪಿತನ, ಸುತನ, ಪವಿತ್ರಾತ್ಮನ ಹೆಸರು ಹೇಳಬೇಕು. ಅದಾಗದ ಸತ್ತರ ಕೂಸಿಗೆ ಸ್ವರ್ಗ ಇಲ್ಲ, ಮಣ್ಣು ಸುದ್ದಾ ಸಿಮಿಟ್ರಿ ಗೋಡಿಯ ಹೊರಗ — ಆವಾಗ ಹಂಗ ನಂಬಿದ್ದೆವು. ಜ್ಞಾನೋಪದೇಶದ ಪಾಠದಾಗ ಬಟ್ಟಿ ಗೊಂಬಿಗೆ ನೀರು ಹಾಕಿ ಕಲಿತಿದ್ದೆ. ಒಂದಕ್ಷರ ತಪ್ಪದ ಹೇಳಿ ಸಿಸ್ಟರ ಕಡೆ ಶಾಬಾಸ್ ಅನಿಸಿಕೊಂಡಿದ್ದೆ.

ತಂಬಿಗಿ ತುಂಬಿಕೊಂಡೆ. ಮೊರದ ಮುಂದ ಕೂತೆ. ಎಡಗೈಲೆ ತಲಿ ಎತ್ತಿದೆ, ಅಂಗೈಯಾಗ ಹಿಡಿಸೂ ತಲಿ. ಮತ್ತ —

ಹಾಕಲಿಲ್ಲ.

ಈ ನೀರು ಹಾಕೂದು ಸಾಯೂ ಕೂಸಿಗೆ. ಹಾಕಿದೆ ಅಂದ್ರ ಇದು ಸಾಯತೈತಿ ಅಂತ ನಾನ ಒಪ್ಪಿಕೊಂಡಂಗ. ಹಾಕದ ಕೂತರ ಬದುಕಬಹುದಲ್ಲಾ? ಬೆರಳು ಅಲಗಾಕತ್ತಾವಲ್ಲಾ? ಹಿಂಗ ಅಂದುಕೊಂಡೆ. ಇಷ್ಟನ್ನ ಹೋದ ವರ್ಷ ಈಗಿನ ಫಾದರಿಗೆ ಪಾಪನಿವೇದನೆಯಾಗ ಹೇಳಿದೆ. ಸಣ್ಣ ಹುಡುಗಿ, ಅಂಜಿದಿ ಅಂದರು ಅವರು.

ಅದು ಅರ್ಧ. ಉಳಿದ ಅರ್ಧ ಅವರಿಗೂ ಹೇಳಲಿಲ್ಲ.

ಅಕ್ಕಾ, ನನಗ ಪರಕಾರ ನೆನಪಾತು. ಒಮ್ಮೆ ಕೊಟ್ಟ ಜ್ಞಾನಸ್ನಾನ ಮತ್ತೊಮ್ಮೆ ಕೊಡೂದಿಲ್ಲ. ಇಲ್ಲಿ ಈ ಹೊಗಿಯೊಳಗ, ಮಸಿ ಹತ್ತಿದ ಲಂಗದಾಗ ನಾನ ನೀರು ಹಾಕಿ ಮುಗಿಸಿಬಿಟ್ಟರ ಚರ್ಚಿನಾಗ ನಿಲ್ಲೂದೆಲ್ಲಿ, ಆ ರೇಶ್ಮಿ ಅಂಚು ಮಂದಿ ನೋಡೂದೆಲ್ಲಿ? ಸಂಜಿತನಕ ತಡೀಲಿ, ಫಾದರೇ ಬರಲಿ. ನಿನ್ನ ಕೂಸು ಉಸಿರಿಗೆ ಬಡಿದಾಡೂವಾಗ ನಾನು ಇದನ್ನ ಅಂದುಕೊಂಡೆ.

ಒಳಗಿನಿಂದ ಅವ್ವ ಕೇಳಿದಳು, “ಹಾಕಿದ್ಯಾ?”

“ಹಾಕಾಕತ್ತೇನಿ ಬೇ.”

ಒಲ್ಯಾಗ ಒಂದು ಕಟಗಿ ಜಾರಿತು. ತಿರುಗಿ ಅದನ್ನ ಒಳಗ ದೂಡಿದೆ. ಇತ್ತ ನೋಡೂದರಾಗ ಬೆರಳು ಅಲಗೂದು ನಿಂತಿತ್ತು. ನಾ ಕಾದೆ. ಮತ್ತ ಅಲಗತಾವ ಅಂತ ಕಾದೆ. ತಂಬಿಗಿ ಕೈಯಾಗ ಹಂಗ ಐತಿ, ಒಂದು ಹನಿ ತುಳುಕಿಲ್ಲ.

“ತೆರೇಸಾ, ಹಾಕಿದ್ಯಾ?”

“ಹೂಂ ಬೇ. ಹಾಕಿದೆ.”

ಅವ್ವ ದೇವರಿಗೆ ಸ್ತೋತ್ರ ಅಂದದ್ದು ಕೇಳಿಸಿತು. ಆಮ್ಯಾಲೆ ಅರೆ ಎಚ್ಚರದಾಗಿದ್ದ ನಿನಗ ಹೇಳಾಕತ್ತಳು, ಅಳಬ್ಯಾಡವ್ವಾ, ನಿನ್ನ ಮಗ ದೇವರ ಮನಿಗೆ ನೆಟ್ಟಗ ಹೋದ.

ನಿನ್ನ ರಕ್ತ ನಿಂತ ಮ್ಯಾಲೆ ಚಾಚಿ ಅಡಗಿಮನಿಗೆ ಬಂದಳು. ಕೂಸಿನ ನೆತ್ತಿ ಸವರಿದಳು, ಒಣಾ ಒಣಾ. ತುಂಬಿದ ತಂಬಿಗಿ ನೋಡಿದಳು, ನನ್ನ ನೋಡಿದಳು. ತಂಬಿಗಿ ಒಯ್ದು ಹಿತ್ತಲದಾಗ ಚೆಲ್ಲಿ ಖಾಲಿ ತಂಬಿಗಿ ನನ್ನ ಬಾಜೂ ತಂದಿಟ್ಟಳು. ತಿಳದು ಚೆಲ್ಲಿದಳೋ, ಸುಮ್ಮನ ಚೆಲ್ಲಿದಳೋ — ಆಕಿ ಇರೂತನಕ ನಾ ಕೇಳಲಿಲ್ಲ, ಆಕಿ ಹೇಳಲಿಲ್ಲ.

ಸಂಜಿಗೆ ಫಾದರ್ ಬಂದರು. ಅವ್ವ ನನ್ನ ಹೆಗಲ ಹಿಡದು ಮುಂದ ನಿಲ್ಲಿಸಿದಳು, ಹೆಮ್ಮಿಯಿಂದ. ನೀರು ನೆತ್ತಿ ಮ್ಯಾಲೆ ಹರೀತೇನು, ಮಾತು ಪೂರಾ ಹೇಳಿದ್ಯೇನು ಅಂತ ಕೇಳಿದರು. ಗೋಣು ಹಾಕಿದೆ. ಜೋಜಪ್ಪನ ಹೆಸರು ಚರ್ಚಿನ ಪುಸ್ತಕದಾಗ ಏರಿತು. ಮರುದಿನ ಮಣ್ಣಿಗೆ ಹೊಂಟಾಗ ಅವ್ವ ಸಂದೂಕ ತಗದು ಪರಕಾರ ನನ್ನ ಕೈಗೆ ಕೊಟ್ಟಳು. ಜ್ಞಾನಸ್ನಾನ ಆದ ಕೂಸು ದೇವದೂತ ಆಗಿರತೈತಿ, ಇದು ಮಾಸಿದ್ದು ಉಟ್ಟು ಹೋಗೂ ದಿನ ಅಲ್ಲ, ನೀನ ಅವನ ಧರ್ಮತಾಯಿ ಅಂದಳು.

ಉಟ್ಟುಕೊಂಡು ಹೋದೆ, ಅಕ್ಕಾ. ನಾನು ಆಸೆಪಟ್ಟಂಗ ಎಲ್ಲರೂ ನೋಡಿದರು.

ಆಮ್ಯಾಲೆ ಪೂಜಿಯಾಗ ಫಾದರ್ ನಾಲಿಗಿ ಮ್ಯಾಲೆ ಇಡೂ ಸತ್ಪ್ರಸಾದ ತಗೊಳ್ಳಾಕ ಧೈರ್ಯ ಆಗಲಿಲ್ಲ. ಪಾಪ ಮುಚ್ಚಿಟ್ಟುಕೊಂಡು ತಗೊಂಡರ ಅದು ಇನ್ನೂ ದೊಡ್ಡ ಪಾಪ ಅಂತ ಕಲಿಸಿದ್ದರು. ಆ ಕಾಲದಾಗ ಸತ್ಪ್ರಸಾದಕ್ಕ ನಡುರಾತ್ರಿಯಿಂದ ಹನಿ ನೀರೂ ಕುಡಿಯೂ ಹಂಗಿರಲಿಲ್ಲ. ಅದನ್ನ ಹಿಡಕೊಂಡೆ. ಐತವಾರ ಮುಂಜಾನೆ ಎದ್ದಾಕಿನ ಕೊಡದಾಗಿನ ನೀರು ಗಟಗಟ ಕುಡೀತಿದ್ದೆ, ಅವ್ವ ನೋಡೂವಂಗ. ಅಯ್ಯ ಮರಗುಳಿ, ಮತ್ತ ಕುಡದ್ಯಾ ಅಂತ ಆಕಿ ಬೈತಿದ್ದಳು. ಒಬ್ಬಾಕಿನ ಸಾಲಿನಾಗ ಹೋಗಿ ಮೊಣಕಾಲೂರತಿದ್ದಳು. ಮದುವಿ ಆಗೂತನಕ ಹಿಂಗ ತಪ್ಪಿಸಿದೆ. ಮದುವಿ ದಿನ ತಪ್ಪಿಸಾಕ ಆಗಲಿಲ್ಲ, ನಾಲಿಗಿ ಮುಂದ ಮಾಡಿದೆ. ಆಮ್ಯಾಲೆ ರೂಢಿ ಆತು. ಯಾವ ಹೆದರಿಕಿಗಿಂತಾ ಆ ರೂಢಿನ ನನಗ ಹೆಚ್ಚು ನಾಚಿಕಿ.

ಅವ್ವ ಅಜ್ಜಿ ಆದಳು. ನಿನ್ನ ಇಬ್ಬರು ಹೆಣ್ಣುಮಕ್ಕಳು, ನನ್ನ ಮಗ, ಮೂರೂ ಮೊಮ್ಮಕ್ಕಳನ್ನ ಕೂಡಿಸಿಕೊಂಡು ಕೌದಿ ಹೊಲೀತಿದ್ದಳು, ಅವರ ಬಾಯಿಲೆ ನಮೋ ಮರಿಯೆ ಹೇಳಿಸತಿದ್ದಳು. ಪ್ರಾರ್ಥನೆ ಮುಗಿದ ಮ್ಯಾಲೆ ಕಡೀಕ ಒಂದು ಮಾತು: ನಿಮ್ಮ ದೊಡ್ಡಣ್ಣ ಜೋಜಪ್ಪ ಮ್ಯಾಲಿದ್ದು ನಿಮ್ಮನ್ನ ನೋಡಿಕೋತಾನ. ಸತ್ತವರ ಹಬ್ಬದ ದಿನ ಎಲ್ಲರ ಗೋರಿಗೂ ಮೇಣಬತ್ತಿ ಹಚ್ಚಾಕಿ, ಅವನಿಗಷ್ಟ ಹಚ್ಚತಿರಲಿಲ್ಲ. ಒಂದು ವರ್ಷ ನಾನು ಕದ್ದು ಅವನ ಕಲ್ಲಿನ ಹಿಂದ ಒಂದು ಹಚ್ಚಿದೆ. ಅವ್ವ ಕಂಡಳು. ಅವನಿಗ್ಯಾಕ ತೆರೇಸಾ, ಅವನ ನಮ್ಮ ಸಲುವಾಗಿ ದೇವರಿಗೆ ಬೇಡಿಕೊಳ್ಳತಾನ ಅಂತ ಬತ್ತಿ ಕಿತ್ತು ಅಪ್ಪನ ಗೋರಿಗೆ ಇಟ್ಟಳು. ನನ್ನ ಒಂದು ಸುಳ್ಳಿಗೆ ಆ ಕೂಸಿನ ಪಾಲಿನ ಪ್ರಾರ್ಥನೆನೂ ಇಲ್ಲದಂಗಾತು.

ಯುದ್ಧ ನಡದು ಸೀಮಿಎಣ್ಣಿ ಸಿಗದಂಗಾಗಿದ್ದ ವರ್ಷ ಅವ್ವ ಹಾಸಿಗಿ ಹಿಡದಳು. ಕಡೀ ದಿನ ನೀನು ಫಾದರನ್ನ ಎದುರುಗೊಳ್ಳಾಕ ಅಂಗಳಕ್ಕ ಹೋಗಿದ್ದಿ. ನಾವಿಬ್ಬರ ಇದ್ದೆವು. ಸ್ವರ್ಗದ ಬಾಗಲದಾಗ ಜೋಜಪ್ಪ ನಿಂತಿರತಾನ, ನನಗೇನು ಅಂಜಿಕಿಲ್ಲ ಅಂದಳು. ಹೇಳಿಬಿಡಲೇನು ಅಂತ ಬಾಯಿತನಕ ಬಂತು. ಬಾಯಿ ತಗದಿದ್ದೆ.

ಅಷ್ಟರಾಗ ಆಕಿ, “ಅವಗ ನೀರು ಹಾಕಿದ ಕೈ ಕೊಡು ಇಲ್ಲೆ,” ಅಂದಳು.

ಯಾವ ಕೈ ಕೊಡಲಿ, ಅಕ್ಕಾ? ಬಲಗೈ ಕೊಟ್ಟೆ. ಅವ್ವ ಅದಕ್ಕ ಮುತ್ತಿಟ್ಟಳು. ಇಡಗೊಟ್ಟೆ.

ಕೂಸನ್ನ ತಂಬಿಗಿ ನೀರಿಗಾಗಿ ದೇವರು ಹೊರಗ ಹಾಕೂದಿಲ್ಲ, ನಿಶ್ಚಿಂತಿ ಇರು ಅಂದರು ಈಗಿನ ಫಾದರ್. ನಂಬಿದೆ. ಅವ್ವಗ ಬಾಗಲದಾಗ ಜೋಜಪ್ಪ ಸಿಕ್ಕಾನ ಅಂತ ನಂಬೇನಿ. ಆದರ ಆ ಕ್ಷಮಾ ದೇವರದು. ನಿನ್ನದು ನಾನು ಕೇಳೇ ಇಲ್ಲ.

ನಿನ್ನೆ ಅನ್ನವ್ವನ ನೆತ್ತಿ ಮ್ಯಾಲೆ ನೀರು ಹರಿದು ಆಕಿ ಚಿಟ್ಟನೆ ಚೀರಿದಾಗ ಎಲ್ಲರೂ ನಕ್ಕರು. ನೀ ನನ್ನ ಬಾಜೂ ಕೂತಿದ್ದಿ. ಕಣ್ಣು ಹೋಗಿ ಐದಾರು ವರ್ಷ ಆತಲ್ಲ ನಿನಗ, ತಡವರಿಸಿ ಕೂಸಿನ ತೊಯ್ದ ತಲಿ ಮುಟ್ಟಿ ಕೇಳಿದಿ, “ನನ್ನ ಜೋಜಪ್ಪನ ನೆತ್ತಿನೂ ಹಿಂಗ ತೊಯ್ದಿತ್ತೇನ, ತೆರೇಸಾ?”

“ಹೂಂ ಅಕ್ಕಾ,” ಅಂದೆ.

ಹದಿಮೂರರ ಹುಡುಗಿ ಅಲ್ಲ ಹಂಗಂದಾಕಿ. ಮೊಮ್ಮಗಳನ್ನ ತೊಡಿ ಮ್ಯಾಲೆ ಇಟ್ಟುಕೊಂಡ ಮುದುಕಿ.

ನಾಳೆ ಮುಂಜಾನೆ ಮೊದಲನೇ ಬಸ್ಸಿಗೆ ಧಾರವಾಡಕ್ಕ ಬರತೇನಿ. ಈ ಕಾಗದ ಟಪಾಲಿಗೆ ಹಾಕಿದ್ದರ ನಿನಗ ಮಗಳು ಓದಿ ಹೇಳತಿದ್ದಳು. ಬ್ಯಾಡ. ನಿನ್ನ ಮುಂದ ಕೂತು ನನ್ನ ಬಾಯಿಲೆ ನಾನ ಓದತೇನಿ. ಪರಕಾರದ ಮಾತು ಬಂದಲ್ಲಿ ದನಿ ಸಣ್ಣ ಮಾಡೂದಿಲ್ಲ. ಕೇಳಿ ಎದ್ದು ಹೋಗು ಅಂದ್ರ ಹೋಗತೇನಿ.

ಸೊಸಿ ಈಗ ಬಂದು, ನಾಳೆ ಹೊತ್ತಿಲ್ಲದ ಹೊತ್ತಿನಾಗ ಹೊಂಟೀರಿ, ಒಂದು ವಾಟಗಾ ಚಾ ಆದರೂ ಕುಡದು ಹೋಗ್ರಿ ಅಂದಳು. ಬ್ಯಾಡವಾ ಅಂದೆ. ನಡುರಾತ್ರಿಯಿಂದ, ನಿನ್ನ ಮುಂದ ಇದನ್ನ ಓದೂತನಕ, ನಾನು ಹನಿ ನೀರೂ ಕುಡಿಯೂದಿಲ್ಲ.