ಮರಳಿ ಬಾರದ ರೋಗಿಗಳು

ನಮ್ಮ ಅಬ್ಬಾ ಹಕೀಮರು. ದಾವಣಗೆರೆಯ ಮಂಡಿಪೇಟೆಯಲ್ಲಿ, ಕಾಳಿನ ಸಗಟು ಅಂಗಡಿಗಳ ಸಾಲು ಮುಗಿಯುವಲ್ಲಿ, ಒಂದೇ ಬಾಗಿಲಿನ ಅವರ ದವಾಖಾನೆ. ನಾಡಿ ಹಿಡಿದು, ನಾಲಗೆ ನೋಡಿ, ಬೇರು ಬೀಜಗಳನ್ನು ಕುಟ್ಟಿ ಸೋಸಿ ಅವರು ಕೊಡುತ್ತಿದ್ದ ಪುಡಿ, ಲೇಹ್ಯ, ಎಣ್ಣೆಗಳ ಮೇಲೆ ಎಂಟು ಜನರ ಮನೆ ನಿಂತಿತ್ತು. ಅಜ್ಜಿ, ಅಮ್ಮಿ, ಗಂಡನನ್ನು ಕಳೆದುಕೊಂಡು ಬಂದಿದ್ದ ಸೋದರತ್ತೆ, ಅವಳ ಇಬ್ಬರು ಹೆಣ್ಣುಮಕ್ಕಳು, ನನ್ನ ತಂಗಿ, ನಾನು, ಜೊತೆಗೆ ಅವರು. ಮೈಸೂರಿನಲ್ಲಿ ನನ್ನ ಓದು ನಡೆದದ್ದೂ ಅದರಿಂದಲೇ. ನನ್ನ ಪುಸ್ತಕಗಳಿಂದ ಅಳಲೆಕಾಯಿಯ ವಾಸನೆ ಬರುತ್ತದೆಂದು ಹಾಸ್ಟೆಲಿನ ಗೆಳೆಯರು ನಗುತ್ತಿದ್ದರು. ನಗಲಿ. ಆ ವಾಸನೆಗೆ ನಾನು ಎಂದೂ ನಾಚಿಕೊಂಡವನಲ್ಲ.

ಅಂಗಡಿಯಲ್ಲಿ ಅವರದೊಂದು ಕಟ್ಟುನಿಟ್ಟು ಇತ್ತು. ಮನೆಯಲ್ಲಿ ನಾವು ಆಡುತ್ತಿದ್ದುದು ಉರ್ದು. ದವಾಖಾನೆಯ ಹೊಸ್ತಿಲು ದಾಟಿದ ಮೇಲೆ ನಮ್ಮನಮ್ಮೊಳಗೂ ಕನ್ನಡವೇ. “ಎದುರಿಗೆ ಕುಂತೋರಿಗೆ ತಿಳಿಯದ ಮಾತಾಡಿದ್ರೆ, ಏನೋ ಮುಚ್ಚಿಡ್ತಾರೆ ಅಂತ ಅವರ ಜೀವ ಹೊಡ್ಕಂತೈತೆ” ಎನ್ನುತ್ತಿದ್ದರು. ಆದ್ದರಿಂದಲೇ ನಾನು ಕೇಳಿದ ಪ್ರಶ್ನೆ ಬೆಂಚಿನ ಮೇಲಿದ್ದವರಿಗೆಲ್ಲ ಅರ್ಥವಾಯಿತು.

ಅದು ಐವತ್ತರ ದಶಕದ ಕೊನೆ. ರಜೆಗೆ ಊರಿಗೆ ಬಂದಿದ್ದೆ. ಹೊಸ ರೋಗಿ ಯಾರಾದರೂ ಅನುಮಾನದಿಂದ ಕೂತರೆ ಅಬ್ಬಾ ಒಂದು ಕತೆ ಹೇಳುತ್ತಿದ್ದರು. ಅಂದೂ ಹೇಳಿದರು: “ಹರಿಹರದ ಬಳೆಗಾರರ ಮಗಳು. ಮುದ್ದತ್ತಿನ ಜ್ವರ. ವಾರಗಟ್ಲೆ ಇಳೀದೆ ಕಾಯೋ ಜ್ವರ ಅದು. ಹುಡುಗಿ ಕಣ್ಣೇ ಬಿಡ್ತಿರಲಿಲ್ಲ. ನನ್ನ ಕಷಾಯ ಒಯ್ದರು. ಆಮ್ಯಾಲೆ ಮತ್ತೆ ಬರಲೇ ಇಲ್ಲ ನೋಡ್ರಿ!”

ಬರಲಿಲ್ಲವೆಂದರೆ ಗುಣವಾಯಿತೆಂದು ಅರ್ಥ. ಹಕೀಮರು, ನಾಟಿ ವೈದ್ಯರು, ಮೂಳೆ ಕಟ್ಟುವವರು, ಎಲ್ಲರೂ ಆ ನಂಬಿಕೆಯ ಮೇಲೆಯೇ ಬಾಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

“ಅಬ್ಬಾ, ಮತ್ತೆ ಬರಲಿಲ್ಲ ಅಂದ್ರೆ ಗುಣ ಆತು ಅಂತ ಹೆಂಗೆ ಹೇಳ್ತೀರಿ? ಸತ್ತೋರೂ ಮತ್ತೆ ಬರಲ್ಲ.”

ಪುಡಿ ಕಟ್ಟುತ್ತಿದ್ದ ಅವರ ಕೈ ನಿಂತಿತು. ಹೆಗಲು ನೋವಿಗೆಂದು ಬಂದಿದ್ದ ಹಮಾಲನೊಬ್ಬ ಗಾಳಿ ತಿಳಿಮಾಡಲು ನೋಡಿದ: “ಸಾಬ್ರೇ, ಮಗನ್ನ ವಕೀಲಿ ಓದಸ್ರಿ. ಈ ನಾಲಿಗೆ ಇದ್ರೆ ಹೊಟ್ಟೆಗೆ ಕಡಿಮಿ ಇಲ್ಲ.” ಯಾರೂ ನಗಲಿಲ್ಲ. “ಮನೆಗೆ ನಡಿ” ಎಂದರು ಅಬ್ಬಾ, ನನ್ನ ಮುಖ ನೋಡದೆ.

ಉಣ್ಣುವ ತಟ್ಟೆಗೇ ತೂತು ಕೊರೆಯುವ ಮಗ ಎಂದು ಅಜ್ಜಿ ಉರ್ದುವಿನಲ್ಲಿ ಗುಡುಗಿದಳು. ಅಮ್ಮಿಯ ಚಿಂತೆ ಬೇರೆ. ವಾರಕ್ಕೊಮ್ಮೆ, ಸಂತೆಯ ದಿನ, ಅಬ್ಬಾ ಹರಿಹರಕ್ಕೆ ಹೋಗಿ ಗೆಳೆಯರೊಬ್ಬರ ಪಡಸಾಲೆಯಲ್ಲಿ ಕೂತು ಔಷಧಿ ಕೊಡುತ್ತಿದ್ದರು. ಅಲ್ಲಿಯ ಜನ ಅವರನ್ನು ನಂಬಿದ್ದು ಆ ಹುಡುಗಿಯ ಕತೆಯಿಂದ. ಕತೆ ಮುರಿದರೆ ಹರಿಹರ ಹೋಯಿತು; ಹರಿಹರ ಹೋದರೆ ಅರ್ಧ ಅನ್ನ ಹೋಯಿತು. ಅದು ನನಗೂ ಗೊತ್ತಿತ್ತು. ಆದರೂ ಪ್ರಶ್ನೆಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಇನ್ನೊಬ್ಬರ ದೇಹಕ್ಕೆ ಕೈಯಿಡುವವನು ಉತ್ತರ ಕೊಡಲೇಬೇಕು; ಅವನು ತಂದೆಯಾದರೇನು, ಪದವಿ ಪಡೆದ ಡಾಕ್ಟರನಾದರೇನು?

ಮುಂದಿನ ಸಂತೆಯ ದಿನ ಅಬ್ಬಾ ಟೋಪಿ ಹಾಕಿಕೊಳ್ಳುತ್ತ, ನೀನೂ ಬಾ ಎಂದರು. ರೈಲಿನಲ್ಲಿ ಆಡಿದ್ದು ಒಂದೇ ಮಾತು: ಆ ಹುಡುಗಿ ಇಲ್ಲವೆಂದಾದರೆ ದವಾಖಾನೆಯ ಬಾಗಿಲನ್ನು ಇನ್ನು ತೆರೆಯುವುದಿಲ್ಲ.

ಬಳೆಗಾರರ ಮನೆ ಹೊಳೆಯ ಕಡೆಗೆ ಇಳಿಯುವ ಓಣಿಯಲ್ಲಿತ್ತು. ಯಜಮಾನರು ಜಗುಲಿಯ ಮೇಲೆ ಕೂತು ಗಾಜಿನ ಬಳೆಗಳನ್ನು ಅಳತೆ ನೋಡಿ ದಾರಕ್ಕೆ ಪೋಣಿಸುತ್ತಿದ್ದರು. ಅಬ್ಬಾರನ್ನು ಕಂಡು ದಡಬಡಿಸಿ ಎದ್ದರು.

“ಬರ್ರಿ ಹಕೀಮ್ ಸಾಬ್ರೆ... ಕೂಡ್ರಿ, ಕೂಡ್ರಿ.”

ಅಬ್ಬಾ ಕೂಡಲಿಲ್ಲ. “ಮಗಳು ಹೆಂಗದಾಳೆ?”

“ಅದಾಳ್ರಿ. ಚೆನ್ನಾಗದಾಳೆ” ಎಂದು ಅವರು ಒಳಗೆ ಕೂಗಿದರು. ರೊಟ್ಟಿ ಹಿಟ್ಟು ಮೆತ್ತಿದ ಕೈಯಲ್ಲೇ ಹುಡುಗಿ ಬಾಗಿಲಿಗೆ ಬಂದಳು. ದುಂಡು ಮುಖ, ಮೊಣಕೈವರೆಗೆ ಹಸಿರು ಬಳೆ. ಅಬ್ಬಾ ಅವಳನ್ನೇ ನೋಡುತ್ತ ಮೆಟ್ಟಿಲ ಮೇಲೆ ಕೂತರು.

ಆಗಲೇ ಎದ್ದು ಬರಬಹುದಾಗಿತ್ತು. ಹುಡುಗಿ ಬದುಕಿದ್ದಳು, ಕತೆ ಉಳಿದಿತ್ತು, ಮಗನ ಬಾಯಿ ಮುಚ್ಚಿತ್ತು. ಅವರು ಏಳಲಿಲ್ಲ. ನನ್ನ ಹೆಮ್ಮೆ ಶುರುವಾಗುವುದು ಇಲ್ಲಿಂದ.

“ಯಜಮಾನ್ರೆ, ಜ್ವರ ನನ್ನ ಕಷಾಯಕ್ಕೆ ಇಳೀತಾ?”

ಬಳೆಗಾರರು ದಾರದ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದರು. ಉತ್ತರ ಬಂದದ್ದು ಬಾಗಿಲ ಹಿಂದಿನಿಂದ, ಅವರ ಹೆಂಡತಿಯಿಂದ: “ದೊಡ್ಡೋರು ಮನೆತನಕ ಬಂದು ಕೇಳ್ತಾರೆ, ಸುಮ್ಮನೆ ಯಾಕ ಕುಂತೀರಿ? ಇಳೀಲಿಲ್ರೀ ಸಾಬ್ರೆ. ಏರಿ ಬಡಬಡಿಸಾಕೆ ಹತ್ತಿದ್ಲು. ಗಾಡಿ ಕಟ್ಟಿಸ್ಕಂಡು ದೊಡ್ಡಾಸ್ಪತ್ರೆಗೆ ಒಯ್ದ್ವಿ. ಅಲ್ಲಿ ಗುಳಿಗೆ ಕೊಟ್ರು, ಉಳ್ಕಂಡ್ಲು. ನಿಮ್ಮ ಮನಸಿಗೆ ನೋವಾಗ್ತೈತೆ ಅಂತ ಇವರು ಹೇಳಾಕೇ ಬರಲಿಲ್ಲ.”

“ಸರಕು ತರಾಕೆ ಮಂಡಿಪೇಟೆಗೆ ಬಂದಾಗೆಲ್ಲ ನಿಮ್ಮ ಅಂಗಡಿ ತಪ್ಪಿಸಿ ಹಿಂದಿನ ಬೀದಿ ಹಿಡೀತಿದ್ದೆ” ಎಂದರು ಬಳೆಗಾರರು, ತಲೆ ತಗ್ಗಿಸಿ.

ಅಬ್ಬಾರಿಗೆ ಇದ್ದಕ್ಕಿದ್ದಂತೆ ನಗು ಬಂತು. “ನಾನೂ ಅಷ್ಟೇ ಯಜಮಾನ್ರೆ. ವಾರ ವಾರ ಹರಿಹರಕ್ಕೆ ಬರ್ತೀನಿ, ಈ ಓಣಿಗೆ ಕಾಲಿಟ್ಟಿರಲಿಲ್ಲ.”

ಮರುದಿನ ಹತ್ತಿ ಗಿರಣಿಯ ಕೆಲಸಗಾರನೊಬ್ಬ ಜ್ವರ ಬಿಡದ ಮಗುವನ್ನು ಎತ್ತಿಕೊಂಡು ದವಾಖಾನೆಗೆ ಬಂದ. ಅಬ್ಬಾ ಅದೇ ಕತೆ ಹೇಳಿದರು. ಈ ಸಲ ಪೂರ್ತಿ ಹೇಳಿದರು. “ನನ್ನ ಕಷಾಯಕ್ಕೆ ಇಳೀಲಿಲ್ಲ. ಆಸ್ಪತ್ರ್ಯಾಗೆ ಉಳಿದ್ಲು. ಈ ಜ್ವರಕ್ಕೆ ನನ್ನತ್ರ ಔಷಧಿ ಇಲ್ಲಪ್ಪಾ. ತಡ ಮಾಡಬ್ಯಾಡ, ಈಗ್ಲೇ ಆಸ್ಪತ್ರೆಗೆ ನಡಿ.”

ಪಕ್ಕದ ಬೆಲ್ಲದ ವ್ಯಾಪಾರಿ ಕೇಳಿಸಿಕೊಂಡು ಇಣುಕಿದರು: “ಏನ್ರಿ ಹಕೀಮ್ರೆ, ನಮ್ಮಂಗಡಿ ಬೆಲ್ಲ ಕಹಿ ಅಂತ ಯಾರಾದ್ರೂ ಸಾರ್ತಾರೇನ್ರಿ?”

“ಕಹಿ ಅನ್ನಲಿಲ್ಲ ಸಾವ್ಕಾರ್ರೆ. ಬೆಲ್ಲದಂಗಡ್ಯಾಗೆ ಉಪ್ಪು ಸಿಗಲ್ಲ ಅಂದೆ.”

ಮಾತು ಗೆದ್ದಿತು, ಅಂಗಡಿ ಸೋತಿತು. ಬೆಂಚು ತೆಳುವಾಯಿತು, ಹರಿಹರದ ಪಡಸಾಲೆಯಲ್ಲಿ ಬೆರಳೆಣಿಕೆಯ ಜನ. ಮನೆಯಲ್ಲಿ ಅನ್ನ ಶುಕ್ರವಾರಕ್ಕೆ ಮೀಸಲಾಗಿ ಉಳಿದ ದಿನ ಜೋಳದ ರೊಟ್ಟಿಯೇ ಆಯಿತು. ಸೋದರತ್ತೆ ಓಣಿಯವರ ಕುಪ್ಪಸ ಹೊಲಿಯತೊಡಗಿದಳು. ಅಬ್ಬಾ ಮಾತ್ರ ಬಾಡಿಗೆ ಸೈಕಲ್ಲು ಹಿಡಿದು, ಮರಳಿ ಬಾರದ ರೋಗಿಗಳನ್ನು ಹುಡುಕಿಕೊಂಡು ನಿಟ್ಟುವಳ್ಳಿಗೆ, ಆನಗೋಡಿಗೆ ಹೊರಡುತ್ತಿದ್ದರು. ಗುಣವಾದವರೂ ಸಿಕ್ಕರು, ಆಗದವರೂ ಸಿಕ್ಕರು. ಒಂದು ಮನೆಯಲ್ಲಿ ರೋಗಿಯ ಬದಲು ಗೋಡೆಗೆ ಆನಿಸಿಟ್ಟ ಅವನ ಊರುಗೋಲು ಸಿಕ್ಕಿತು. ಆ ಸಂಜೆ ಅಬ್ಬಾ ಉಣ್ಣಲಿಲ್ಲ. ಅಲ್ಲಿಂದಾಚೆಗೆ ಎದೆನೋವಿಗೆ ಕೊಡುತ್ತಿದ್ದ ಲೇಹ್ಯವನ್ನು ಮಾಡುವುದನ್ನೇ ನಿಲ್ಲಿಸಿದರು. ಕೀಲುನೋವು, ಕೆಮ್ಮು, ಅಜೀರ್ಣ, ಕಜ್ಜಿ, ಇಷ್ಟನ್ನು ಉಳಿಸಿಕೊಂಡರು. ಅದರಲ್ಲೇ ನನ್ನ ಪದವಿ ಮುಗಿಯಿತು, ಅತ್ತೆಯ ಹಿರಿಯ ಮಗಳ ಮದುವೆಯೂ ಆಯಿತು.

ನಾನೀಗ ಪತ್ರಿಕೆಗಳಿಗೆ ಬರೆಯುತ್ತೇನೆ. ಗುಣವಾದವರನ್ನು ವೇದಿಕೆಗೆ ಕರೆತಂದು ಮೆರೆಸುವ ದೊಡ್ಡ ಡಾಕ್ಟರುಗಳನ್ನೂ, ಕಟ್ಟಡ ಉದ್ಘಾಟಿಸಿ ಕೈತೊಳೆದುಕೊಳ್ಳುವ ಅಧಿಕಾರಸ್ಥರನ್ನೂ ಅದೇ ಪ್ರಶ್ನೆ ಕೇಳುತ್ತೇನೆ: ಮರಳಿ ಬಾರದವರು ಏನಾದರು? ಉದ್ಧಟ ಎನ್ನುತ್ತಾರೆ. ಅನ್ನಲಿ. ಬೆನ್ನ ಹಿಂದೆ ಎಂಟು ತಟ್ಟೆಗಳನ್ನು ಇಟ್ಟುಕೊಂಡು ಈ ಪ್ರಶ್ನೆಗೆ ಉತ್ತರ ಹುಡುಕಿ ಹೊರಟವರೊಬ್ಬರನ್ನು ನಾನು ಬಲ್ಲೆ; ಆದ್ದರಿಂದ ಯಾರ ನೆಪವನ್ನೂ ಒಪ್ಪಲಾರೆ.

ಕಳೆದ ಸಲ ಊರಿಗೆ ಹೋದಾಗ ಬೆಂಚು ಮತ್ತೆ ತುಂಬಿತ್ತು. ನಿಟ್ಟುವಳ್ಳಿಯ ಮುದುಕಿಯೊಬ್ಬಳು ಎಲ್ಲರನ್ನೂ ಸರಿಸಿಕೊಂಡು ಒಳಗೆ ಬಂದಳು.

“ಎಂಥ ಎಣ್ಣೆ ಕೊಟ್ಟೆಯೋ ಸಾಬಣ್ಣ! ಮಂಡಿ ನೋವು ಕೂದಲಷ್ಟೂ ಕದಲಲಿಲ್ಲ.”

ಅಬ್ಬಾರ ಮುಖ ಅರಳಿತು. “ಬಾರವ್ವಾ, ಕುಂದ್ರು. ಹೇಳಾಕೆ ಬಂದೆಲ್ಲ, ಅಷ್ಟು ಸಾಕು.”

“ಬರದಿದ್ರೆ ನೀನೇ ಮನೆಗೆ ಬರ್ತೀಯಂತೆ. ನಿನಗೆ ಚಾ ಕಾಸೋರ್ಯಾರು? ಅದಕ್ಕೇ ಕುಂಟ್ಕಂತ ನಾನೇ ಬಂದೆ.”

ಬೆಂಚೆಲ್ಲ ನಕ್ಕಿತು. ಅಬ್ಬಾ ನಗುತ್ತಲೇ ನೆಲಕ್ಕೆ ಕೂತು, ಅವಳ ಮಂಡಿಯನ್ನು ಮೊದಲಿನಿಂದ ಒತ್ತಿ ನೋಡತೊಡಗಿದರು.