ಕಾಗದದ ಮೇಲೆ ಬೆಟ್ಟ ಹತ್ತಿದವನು

ಅವನನ್ನು ಕಚೇರಿಯಲ್ಲಿ ಎಲ್ಲರೂ ಕರೆಯುವುದು 'ನಡೆಯುತ್ತೆ' ಎಂದು. ಚಾರಣಕ್ಕೆ ಬಂದವರು ಫೋಟೋದಲ್ಲಿ ಕಣ್ಣು ಮುಚ್ಚಿದೆ ಅನ್ನಲಿ, ಪಾಸ್‌ಪೋರ್ಟಿನ ಮೂಲೆಯನ್ನು ನಾಯಿ ಕಚ್ಚಿದೆ ಅನ್ನಲಿ, ತಲೆಯೆತ್ತದೆ 'ನಡೆಯುತ್ತೆ' ಅನ್ನುತ್ತಾನೆ. ನಡೆಯದೇ ಇರುವವನು ಅವನೊಬ್ಬನೇ. ಕಚೇರಿ ಇರುವುದು ಬೂಟು ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಅಷ್ಟು ಹತ್ತುವುದರೊಳಗೆ ಗೋಡೆಗೆ ಒರಗಿ ಒಮ್ಮೆ ಮೊಬೈಲು ನೋಡುತ್ತಾನೆ. ಅದರಲ್ಲಿ ನೋಡುವಂಥದ್ದೇನೂ ಇರುವುದಿಲ್ಲ, ಏದುಸಿರು ತಗ್ಗಬೇಕಲ್ಲ.

ಅವನ ಕೆಲಸ ಪರವಾನಗಿ ಮಾಡಿಸುವುದು. ಊರಿನ ಹಿಂದಿನ ಬೆಟ್ಟಸಾಲಿನಲ್ಲಿ ಮೂರು ದೇಶಗಳನ್ನು ಹಾಯ್ದು ಹೋಗುವ ಕಾಲುದಾರಿಯಿದೆ. ಕೊನೆಯ ದೇಶದವರು ಒಳಗೆ ಬಿಡುತ್ತೇವೆಂದರೆ ನಡುವಿನವರು ದಾಟಲು ಬಿಡುತ್ತಾರೆ. ನಡುವಿನವರು ಬಿಟ್ಟರೆ ನಮ್ಮವರು ಹೊರಗೆ ಬಿಡುತ್ತಾರೆ. ನಮ್ಮವರು ಬಿಟ್ಟಿದ್ದಾರೆಂದು ತೋರಿಸಿದರೆ ಕೊನೆಯವರು ಒಳಗೆ ಬಿಡುವ ಯೋಚನೆ ಮಾಡುತ್ತಾರೆ. ಹುಚ್ಚು ಬಿಡದೆ ಮದುವೆ ಆಗುವುದಿಲ್ಲ, ಮದುವೆ ಆಗದೆ ಹುಚ್ಚು ಬಿಡುವುದಿಲ್ಲ. ಪರವಾನಗಿ ಕಚೇರಿಯ ಪ್ರತಿ ಕಿಟಕಿಯಲ್ಲೂ, ಪಕ್ಕದ ಕಿಟಕಿಯಲ್ಲಿ ಎಲ್ಲ ಮುಗಿದೇ ಹೋಗಿದೆ ಎಂಬಂಥ ಮುಖ ಹೊತ್ತು ನಿಲ್ಲುವುದಕ್ಕೆ ಅವನಿಗೆ ಸಂಬಳ.

ಪ್ರತಿ ಗುಂಪಿಗೂ ಜೊತೆಯಲ್ಲಿ ನಡೆಯುವ ಹೊಣೆಗಾರನೊಬ್ಬನ ಹೆಸರು ಬೇಕು. ಗೈಡುಗಳು ಬೆಟ್ಟದ ಮೇಲೇ ಇರುತ್ತಾರೆ, ಸಹಿಗೆ ಸಿಗುವುದಿಲ್ಲ. ಹಾಗಾಗಿ ಎಲ್ಲ ಅರ್ಜಿಗಳಲ್ಲೂ ಅವನದೇ ಹೆಸರು. ಮೇಲಿನ ಗಡಿ ಠಾಣೆಯಲ್ಲಿ ನಿಜವಾದ ಗೈಡು ಬದಲಿ ಸಹಿ ಹಾಕಿ ಗುಂಪನ್ನು ಕರೆದೊಯ್ಯುತ್ತಾನೆ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಎಂದರೆ ಇದೇ ಇರಬೇಕು. ಏನೇ ಅನ್ನಿ, ಕಾಗದದ ಮೇಲೆ ಅವನಷ್ಟು ಸಲ ಗಡಿ ದಾಟಿದ ಗಂಡು ಇನ್ನೊಬ್ಬನಿಲ್ಲ.

ಕೊನೆಯ ದೇಶದಲ್ಲಿ, ಬೆಟ್ಟ ಇಳಿದರೆ ಸಿಗುವ ಮೊದಲ ಊರಿನಲ್ಲಿ, ಅವನ ಚಿಕ್ಕಮ್ಮನ ಮನೆ. ಅವಳನ್ನು ಮದುವೆ ಮಾಡಿ ಕೊಟ್ಟಾಗ ಬಸ್ಸು ಓಡಾಡುತ್ತಿತ್ತು. ಆಮೇಲೆ ಸರ್ಕಾರಗಳು ಮುನಿಸಿಕೊಂಡು ರಸ್ತೆ ಮುಚ್ಚಿದವು. ಚಾರಣಿಗರ ಕಾಲುದಾರಿಯನ್ನಷ್ಟೇ ಬಿಟ್ಟುಕೊಂಡವು. ಈಗ ಚಿಕ್ಕಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಮಲಗಿದ್ದಳು. ಗಂಡನಿಲ್ಲ, ಮಕ್ಕಳಿಲ್ಲ. ಹಿಮ ಬಿದ್ದರೆ ದಾರಿಯೂ ಇಲ್ಲ.

"ಒಂದು ಲೋಟ ನೀರು ಕೊಡೋರಿಲ್ಲ ಕಣೋ ಅವಳಿಗೆ," ಎಂದಳು ಅಮ್ಮ. "ನಿಮ್ಮ ಈ ವರ್ಷದ ಕಡೇ ಗುಂಪು ಹೋಗುತ್ತಲ್ಲ, ನನ್ನನ್ನೂ ಸೇರಿಸು. ಹಿಮ ಕರಗೋವರೆಗೂ ಆಚೆ ಇರಬಹುದಂತೆ."

ಅಮ್ಮ ಹೊಲಿಗೆ ಅಂಗಡಿಯಲ್ಲಿ ಕಾಜಾ ಹೊಲಿದು ಗುಂಡಿ ಹಾಕುವವಳು. ಬಸ್ಸಿಗೆ ಕಾಯುವುದು ಸೋಮಾರಿಗಳ ಕೆಲಸವೆಂದು ಊರ ಈ ತುದಿಯಿಂದ ಆ ತುದಿಗೆ ದಿನವೂ ನಡೆದೇ ಹೋಗುತ್ತಾಳೆ. ಅವಳ ಕಾಲಿನ ಬಗ್ಗೆ ಅವನಿಗೆ ಚಿಂತೆ ಇರಲಿಲ್ಲ. ಇದ್ದದ್ದು ಬಾಯಿಯ ಬಗ್ಗೆ.

"ಕಿಟಕಿಯಲ್ಲಿ ಯಾಕೆ ಹೋಗ್ತಿದೀರಿ ಅಂತ ಕೇಳ್ತಾರೆ. ಬೆಟ್ಟ ನೋಡೋಕೆ ಅನ್ನು. ತಂಗಿ ಗಿಂಗಿ ಅಂದ್ರೆ ಅದಕ್ಕೆ ಬೇರೆ ಅರ್ಜಿ, ಬೇರೆ ಕಚೇರಿ. ಅಷ್ಟರಲ್ಲಿ ದಾರಿ ಮುಚ್ಚಿರುತ್ತೆ."

"ಆಯ್ತು ಬಿಡೋ. ಒಂದು ಮಾತು ಹೇಳೋಕೆ ಬರಲ್ವಾ ನಂಗೆ?"

ಬರಲಿಲ್ಲ.

"ಯಾಕೆ ಹೋಗ್ತಿದೀರಿ ತಾಯಿ?" ಎಂದರು ನಮ್ಮವರ ಕಿಟಕಿಯ ಸಾಹೇಬರು.

"ಬೆಟ್ಟ ನೋಡೋಕೆ," ಎಂದಳು ಅಮ್ಮ. ಅಲ್ಲಿಗೆ ನಿಲ್ಲಿಸಬಹುದಿತ್ತು. "ಆದ್ರೆ ಅದರಲ್ಲಿ ನೋಡೋಕೇನಿದೆ ಸ್ವಾಮಿ, ಹುಟ್ಟಿದಾಗಿಂದ ಅಡುಗೆಮನೆ ಕಿಟಕಿಯಲ್ಲಿ ನೋಡ್ತಾನೇ ಇದೀನಿ. ಆಚೆಗಡೆ ನನ್ನ ತಂಗಿ ಸೊಂಟ ಮುರ್ಕೊಂಡು ಬಿದ್ದಿದಾಳೆ."

ಸಾಹೇಬರು ಪೆನ್ನು ಕೆಳಗಿಟ್ಟರು. ಅವನು ಗೋಡೆಯ ಗಡಿಯಾರ ನೋಡಿದ. ಬಾಯಿಬಿಟ್ಟರೆ ಬಣ್ಣಗೇಡು ಎಂಬ ಗಾದೆ ಹುಟ್ಟಿದ್ದು ಇಂಥದೇ ಯಾವುದೋ ಕಿಟಕಿಯ ಮುಂದಿರಬೇಕು.

"ಈ ವಯಸ್ಸಲ್ಲಿ ಅಷ್ಟು ಎತ್ತರ ಹತ್ತೋದು ಹುಡುಗಾಟ ಅಲ್ಲ ತಾಯಿ. ಹೋಗಲಿ, ಜೊತೆಗೆ ನಿಮ್ಮ ಮಗನ ಹೆಸರಿದೆ. ದಾರಿ ಬಲ್ಲವನು."

"ಇವನಾ?" ಅಮ್ಮನಿಗೆ ನಗು ತಡೆಯಲಾಗಲಿಲ್ಲ. "ಮನೆ ಮೆಟ್ಟಿಲು ಹತ್ತಿದ್ರೆ ನೀರು ಕೇಳ್ತಾನೆ! ಇವನೆಲ್ಲಿ ಬೆಟ್ಟ ಕಂಡಿದಾನೆ?"

ಹಿಂದಿನ ಸಾಲೂ ನಕ್ಕಿತು. ಸಾಹೇಬರು ನಗಲಿಲ್ಲ. ಅವನನ್ನು ಹೊಟ್ಟೆಯಿಂದ ಬೂಟಿನವರೆಗೆ ನೋಡಿದರು.

"ಈ ವರ್ಷದ ಗುಂಪುಗಳ ಜೊತೆಗೆಲ್ಲ ದಾಟಿದೀಯಲ್ಲೋ ಮಹರಾಯ. ಕಾಲು ಸವೀಬೇಕಿತ್ತು, ಹೊಟ್ಟೆ ಬೆಳೆದಿದೆ."

"ಸಾರ್, ಅದು ಏನಂದ್ರೆ... ಠಾಣೆಯಲ್ಲಿ ಗೈಡು ಬದಲಿ ಸಹಿ..."

"ನಡೆಯುತ್ತೆ ಅಂತ ನೀನು ಅಂದ್ಕೊಂಡೆ," ಎಂದರು ಸಾಹೇಬರು.

"ಹೂಂ ಸಾರ್."

ಕಚೇರಿಯ ಪರವಾನಗಿಯೇ ರದ್ದಾಗಬಹುದಾದ ಮಾತು ಇದು. ಯಜಮಾನರಿಗೆ ಏನು ಹೇಳುವುದು ಎಂಬ ಯೋಚನೆ ಅವನಿಗೆ ಮೊದಲು ಬಂತು, ಚಿಕ್ಕಮ್ಮನದು ಆಮೇಲೆ. ಹಾಗೆ ಬಂದ ಸರದಿಗೆ ತುಸು ನಾಚಿಕೆಯೂ ಆಯಿತು. ಅಮ್ಮ ನಗು ನಿಲ್ಲಿಸಿದ್ದಳು. ತಾನು ಏನೋ ಕೆಡಿಸಿದೆ ಎಂದು ಅವಳಿಗೆ ಈಗ ಹೊಳೆದಿತ್ತು.

"ಸ್ವಾಮಿ, ಅವನದೇನಿದ್ರೂ ಆಮೇಲೆ ನೋಡ್ಕೊಳ್ಳಿ. ನನ್ನ ಕಾಲು ಗಟ್ಟಿ ಇದೆ."

ಸಾಹೇಬರು ಪೆನ್ನು ಎತ್ತಿಕೊಂಡರು. "ಬೆಟ್ಟ ನೋಡೋಕೆ ಹೋದವರು ದಾರಿಯಲ್ಲಿ ತಂಗಿ ಮನೆಗೆ ಹೋಗಬಾರದು ಅಂತ ಎಲ್ಲೂ ಬರೆದಿಲ್ಲ. ಆದ್ರೆ ಈ ಸಲ ಹೆಸರಿದ್ದವನೇ ನಡೀಬೇಕು. ಬದಲಿ ಸಹಿ ತಗೋಬೇಡಿ ಅಂತ ಠಾಣೆಗೆ ಫೋನ್ ಮಾಡ್ತೀನಿ. ಇನ್ಮೇಲೂ ಅಷ್ಟೆ, ನಡೆಯೋರ ಹೆಸರೇ ಬರೀಬೇಕು. ಏನಂತೀಯ? ನೀನು ಹೋಗದಿದ್ರೆ ತಾಯಿಯೂ ಹೋಗೋ ಹಾಗಿಲ್ಲ."

ಅವನು ಅಮ್ಮನ ಮುಖ ನೋಡಿದ. ಅವಳು ಅವನ ಹೊಟ್ಟೆ ನೋಡುತ್ತಿದ್ದಳು.

"ನಡೆಯುತ್ತೆ ಸಾರ್," ಎಂದ. ಆ ಮಾತಿಗೆ ಅಷ್ಟು ಅರ್ಥವಿದೆ ಎಂದು ಅವನಿಗೆ ಅದುವರೆಗೆ ಗೊತ್ತಿರಲಿಲ್ಲ.

ಬೆಟ್ಟದ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಅವನು ಕಂಡದ್ದು ಬಹುಪಾಲು ಅಮ್ಮನ ಹಿಮ್ಮಡಿ. ಗೈಡು ಮುಂದೆ, ಗುಂಪು ಅವನ ಹಿಂದೆ, ಗುಂಪಿನ ಕೊನೆಗೆ ಅಮ್ಮ, ಹೊಣೆಗಾರ ಎಲ್ಲರಿಗಿಂತ ಹಿಂದೆ. ಮೊದಲ ಗಡಿಯಲ್ಲಿ ಅವನ ಚೀಲ ಗೈಡಿನ ಹೆಗಲಿಗೆ ಹೋಯಿತು. ಎರಡನೆಯ ಗಡಿಯ ಕಾವಲುಗಾರ ಕಾಗದ ನೋಡಿ, "ಇವರ ಹೊಣೆ ಯಾರದು?" ಎಂದು ಕೇಳಿದ. ಅವನು ಉಸಿರು ಸಿಗದೆ ಕೈ ಎತ್ತಿದ.

"ಕೈ ಇಳಿಸೋ," ಎಂದಳು ಅಮ್ಮ. "ನಾನಪ್ಪಾ, ಇವನನ್ನ ಕರ್ಕೊಂಡು ಬಂದಿರೋದು."

ಚಿಕ್ಕಮ್ಮ ಕಿಟಕಿಯ ಪಕ್ಕದ ಮಂಚದಲ್ಲಿದ್ದಳು. ಅಕ್ಕ ತಂಗಿ ಕೈ ಕೈ ಹಿಡಿದುಕೊಂಡರು. ಆಮೇಲೆ ಅಮ್ಮ ಕಣ್ಣೊರೆಸಿಕೊಂಡು, ಯಾವ ಕೆಲಸಕ್ಕಾಗಿ ಬೆಟ್ಟ ಹತ್ತಿ ಇಳಿದಿದ್ದಳೋ ಆ ಕೆಲಸಕ್ಕೆ ಎದ್ದಳು. ಅಡುಗೆಮನೆಗೆ ಹೋಗಿ ಲೋಟದ ತುಂಬ ನೀರು ತಂದು ತಂಗಿಯ ಮುಂದೆ ಹಿಡಿದಳು.

ಚಿಕ್ಕಮ್ಮ ಲೋಟ ಮುಟ್ಟಲಿಲ್ಲ. ಬಾಗಿಲ ಹೊಸ್ತಿಲ ಮೇಲೆ ಕಾಲು ಚಾಚಿ ಬಿದ್ದಿದ್ದ ಅವನನ್ನೇ ನೋಡುತ್ತಿದ್ದಳು.

"ಮೊದಲು ಅವನಿಗೆ ಕೊಡಕ್ಕಾ," ಎಂದಳು. "ನಾನಾದ್ರೂ ಬರೀ ಸೊಂಟ ಮುರ್ಕೊಂಡಿದೀನಿ."