ಧನ್ಯಾ ಕೇಳಿಕೊಂಡ ಪ್ರಾರ್ಥನೆ

ಜೂನ್ ತಿಂಗಳ ಎರಡನೆಯ ಶುಕ್ರವಾರ, ಸಂಜೆ ನಾಲ್ಕೂವರೆ ಗಂಟೆ. ಸ್ಥಳ, ರಾಮಕುಂಜದಲ್ಲಿ ನಮ್ಮ ಮನೆಯ ಸಿಟೌಟ್. ಹಾಜರಿದ್ದವರು ನಾನು ಮತ್ತು ಮಂಡೆಕೋಲಿನಿಂದ ಬಂದಿದ್ದ ನನ್ನ ತಮ್ಮ ಜನಾರ್ದನ. ಪುತ್ತೂರಿನಿಂದ ಕಡಬಕ್ಕೆ ಹೋಗುವ ಬಸ್ಸು ನಮ್ಮ ಗೇಟಿನೆದುರು ನಿಂತಿತು. ಇಬ್ಬರು ಹೆಂಗಸರು ಇಳಿದರು, ಒಂದು ಅಕ್ಕಿಯ ಚೀಲ ಇಳಿಯಿತು, ಬಸ್ಸು ಹೊರಟುಹೋಯಿತು. ಧನ್ಯಾ ಇಳಿಯಲಿಲ್ಲ. ಅವಳ ಫೋನಿಗೆ ಕರೆ ಹೋಗಲಿಲ್ಲ.

ನಮ್ಮ ಊರಿನ ದೇವಿ ಅಮ್ಮನವರನ್ನು ನಂಬಿದ ನಿಮಗೆಲ್ಲ ಆ ಸಂಜೆ ನಡೆದದ್ದನ್ನು ತಿಳಿಸುವುದು ನನ್ನ ಕರ್ತವ್ಯ ಎಂದು ಭಾವಿಸಿ ಬರೆಯುತ್ತಿದ್ದೇನೆ.

ಧನ್ಯಾ ನನ್ನ ತಂಗಿಯ ಮಗಳು. ಹುಟ್ಟಿನಿಂದ ಕಣ್ಣು ಕಾಣದು. ತಂದೆತಾಯಿ ಇಬ್ಬರೂ ಇಲ್ಲದ್ದರಿಂದ ಚಿಕ್ಕಂದಿನಿಂದ ನನ್ನೊಡನೆ ಇದ್ದಾಳೆ. ನಾನು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿ ನಿವೃತ್ತಳಾದವಳು. ಐದಕ್ಕೆ ಏಳುವುದು, ಆರಕ್ಕೆ ಸ್ನಾನ ಮುಗಿಸುವುದು, ತೆಗೆದ ವಸ್ತುವನ್ನು ತೆಗೆದಲ್ಲೇ ಇಡುವುದು ನಮ್ಮ ಮನೆಯ ಕ್ರಮ. ಹಾಗಾಗಿ ಮನೆಯೊಳಗೆ ಧನ್ಯಾ ನನಗಿಂತ ವೇಗ. ಅನ್ನ ಬಸಿಯುತ್ತಾಳೆ, ಬಟ್ಟೆ ಮಡಚುತ್ತಾಳೆ, ದೇವರ ದೀಪಕ್ಕೆ ಎಣ್ಣೆ ಹಾಕುತ್ತಾಳೆ. ಈ ವರ್ಷ ಪಿಯುಸಿ ಮುಗಿಸಿದಳು.

ಏಪ್ರಿಲಿನಲ್ಲಿ ಪುತ್ತೂರಿನ ಆಸ್ಪತ್ರೆಯಲ್ಲಿ ಡಾಕ್ಟರು ನನ್ನ ಹೃದಯದ ಪರೀಕ್ಷೆ ಮಾಡಿ, "ಇನ್ನು ಓಡಾಟ ಕಡಿಮೆ ಮಾಡಿ ಅಮ್ಮಾ, ಮೆಟ್ಟಿಲು ಹತ್ತುದೇ ಬೇಡ" ಎಂದರು. ನನ್ನ ಬಗ್ಗೆ ನನಗೆ ಹೆದರಿಕೆ ಇರಲಿಲ್ಲ. ನನ್ನ ನಂತರ ಈ ಹುಡುಗಿಗೆ ಯಾರು ಎಂಬ ಒಂದೇ ಪ್ರಶ್ನೆ ಎದೆಯಲ್ಲಿ ಕುಳಿತಿತು.

ತಮ್ಮನ ಬಳಿ ಉತ್ತರ ಸಿದ್ಧವಿತ್ತು. "ನಮ್ಮಲ್ಲಿಗೆ ಬರ್ಲಿ ಅಕ್ಕ. ಕೋಣೆ ಉಂಟು, ಊಟ ಉಂಟು. ಅವಳು ಎಂತದೂ ಮಾಡುದು ಬೇಡ, ಆರಾಮಲ್ಲಿ ಕೂತ್ಕೊಳ್ಳಲಿ" ಎಂದ. ಅವನದು ಒಳ್ಳೆಯ ಮನಸ್ಸು. ಒಂದೇ ವಾರದಲ್ಲಿ ಸುಳ್ಯದ ಅರ್ಧ ಜನರಿಗೆ, ಧನ್ಯಾ ಮಂಡೆಕೋಲಿಗೆ ಬರುತ್ತಾಳೆ ಎಂದು ಹೇಳಿಯೂ ಆಗಿತ್ತು.

ಕಣ್ಣು ಕಾಣದ ಮಕ್ಕಳ ಕಲಿಕೆಗೆ ಸಹಾಯ ಮಾಡಲು ಮನೆಗೆ ಬರುತ್ತಿದ್ದ ವಸಂತಿ ಟೀಚರ್ ಬೇರೆ ಮಾತು ಹೇಳಿದರು. "ಎಲ್ಲಿ ಇಡುದು ಅಂತ ನೀವಿಬ್ಬರು ಮಾತಾಡ್ತಾ ಇದ್ದೀರಿ. ಅವಳು ಎಂತ ಮಾಡುದು ಅಂತ ಅವಳನ್ನು ಕೇಳಿದ್ದೀರಾ?"

ಕೇಳಿದೆವು. ಪುತ್ತೂರಿನ ಕಾಲೇಜಿನಲ್ಲಿ ಪದವಿ, ಅಲ್ಲೇ ಹಾಸ್ಟೆಲು, ಮುಂದೆ ಬಿ.ಎಡ್. ಮಾಡಿ ಶಿಕ್ಷಕಿಯಾಗುವುದು ಎಂದು ಧನ್ಯಾ ಒಂದೇ ಉಸಿರಿನಲ್ಲಿ ಹೇಳಿದಳು. ಬಹಳ ದಿನದಿಂದ ಬಾಯಿಪಾಠ ಮಾಡಿ ಇಟ್ಟ ಹಾಗಿತ್ತು. ಟೀಚರ್ ಆವತ್ತೇ ಯೋಜನೆ ಹಾಕಿದರು. ಬಿಳಿ ಕೋಲು ಹಿಡಿದು ರಸ್ತೆ ದಾಟುವುದು, ಫೋನಿನಲ್ಲಿ ಬ್ಯಾಂಕಿನ ಕೆಲಸ ನೋಡಿಕೊಳ್ಳುವುದು, ಬಸ್ಸು ಹತ್ತುವ ಮೊದಲು ಅದು ಎಲ್ಲಿಗೆ ಎಂದು ಕಂಡಕ್ಟರನ್ನೇ ಕೇಳುವುದು. ಮೇ ತಿಂಗಳಿಡೀ ಅಭ್ಯಾಸ ನಡೆಯಿತು. ಟೀಚರ್ ಜೊತೆಗಿರುತ್ತಿದ್ದರು. ಹಿಂದೆ ಹತ್ತು ಮಾರು ದೂರದಲ್ಲಿ ಕೊಡೆ ಹಿಡಿದು ನಾನೂ ಇರುತ್ತಿದ್ದೆ.

ಮೇ ಕೊನೆಯ ಮಂಗಳವಾರ ನಮ್ಮ ಊರಿನ ಅಮ್ಮನವರಿಗೆ ಧನ್ಯಾಳ ಹೆಸರಿನಲ್ಲಿ ಹೂವಿನ ಪೂಜೆ ಮಾಡಿಸಿದೆ. ಪೂಜೆಯ ನಂತರ ಭಟ್ಟರು ಭಕ್ತರ ಹೆಸರು, ನಕ್ಷತ್ರ ಹೇಳಿ, ಅವರ ಕೋರಿಕೆಯನ್ನು ಎಲ್ಲರಿಗೂ ಕೇಳುವ ಹಾಗೆ ದೇವಿಯ ಮುಂದೆ ಅರಿಕೆ ಮಾಡುವುದು ನಮ್ಮಲ್ಲಿ ಪದ್ಧತಿ. ಇಷ್ಟು ವರ್ಷ ಆ ಕೋರಿಕೆಯನ್ನು ನಾನೇ ಹೇಳಿಕೊಡುತ್ತಿದ್ದೆ. ಆ ದಿನ ನಾನು ಬಾಯಿ ತೆರೆಯುವಷ್ಟರಲ್ಲಿ ಭಟ್ಟರು ಕೈಯೆತ್ತಿ ತಡೆದು, "ಹದಿನೆಂಟು ಆಯ್ತಲ್ಲ, ಇನ್ನು ಅವಳೇ ಹೇಳ್ಲಿ. ಎಂತ ಪ್ರಾರ್ಥನೆ ಮಾಡ್ಬೇಕು ಮಗಾ?" ಎಂದರು.

ಧನ್ಯಾ ಕೈ ಮುಗಿದು ಹೇಳಿದಳು, "ನಾನು ಪುತ್ತೂರಿಗೆ ಒಬ್ಬಳೇ ಹೋಗಿ ಬರುವ ಹಾಗೆ ಆಗ್ಬೇಕು. ದೊಡ್ಡಮ್ಮ ನನ್ನ ಹಿಂದೆ ಬಾರದ ಹಾಗೂ ಆಗ್ಬೇಕು."

ಭಟ್ಟರು ಒಂದಕ್ಷರ ಬಿಡಲಿಲ್ಲ. "ತಾಯೀ, ಈ ಮಗಳು ಒಬ್ಬಳೇ ಸುಖವಾಗಿ ಹೋಗಿ ಬರುವಂತೆಯೂ, ಇವಳ ದೊಡ್ಡಮ್ಮನವರು ಹಿಂದೆ ಹೋಗದಂತೆಯೂ ಅನುಗ್ರಹಿಸಿ ಕಾಪಾಡಬೇಕು" ಎಂದು ಗಟ್ಟಿಯಾಗಿ ಅರಿಕೆ ಮಾಡಿದರು. ಅಂಗಳದಲ್ಲಿ ನಿಂತವರೆಲ್ಲ ನಕ್ಕರು. "ಸುಮತಿ ಅಕ್ಕ, ಕೊಡೆ ಇನ್ನು ಒಳಗೆ ಇಡಿ ಮಾರಾಯ್ರೆ!" ಎಂದು ಯಾರೋ ಕೂಗಿದರು. ನನಗೆ ನಗು ಬರಲಿಲ್ಲ. ಅಮ್ಮನ ಎದುರು ಆದ ಅರಿಕೆ ಅದು. ಮೀರುವ ಹಾಗಿಲ್ಲ.

ಕಾಲೇಜಿಗೆ ಸೇರಿ ಹಾಸ್ಟೆಲಿನ ಕೋಣೆ ನೋಡಿಕೊಂಡು ಬರಲು ಆ ಶುಕ್ರವಾರ ಅವಳು ಮೊದಲ ಸಲ ಒಬ್ಬಳೇ ಹೊರಟದ್ದು. ತಮ್ಮನಿಗೂ ನನಗೂ ಒಂದು ಮಾತಾಗಿತ್ತು. ಅವಳು ಒಬ್ಬಳೇ ಹಿಂತಿರುಗಿದರೆ ಹಾಸ್ಟೆಲು, ಇಲ್ಲವಾದರೆ ಮಂಡೆಕೋಲು.

ಐದೂಕಾಲಿಗೆ ಫೋನು ಬಂತು.

"ದೊಡ್ಡಮ್ಮ, ನಾನು ಜಾಲ್ಸೂರಿನಲ್ಲಿದ್ದೇನೆ."

ಜಾಲ್ಸೂರು ಸುಳ್ಯದ ದಾರಿಯಲ್ಲಿ, ನಮ್ಮ ಊರಿಗೆ ಪೂರಾ ಬೇರೆ ದಿಕ್ಕು. ಮಂಡೆಕೋಲಿಗೆ ಹೋಗುವವರು ಇಳಿಯುವ ಜಾಗ.

"ಅಲ್ಲಿಗೆ ಹೇಗೆ ಹೋದೆ?"

"ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ಮಾವನ ಗುರ್ತದವರು ಸಿಕ್ಕಿದ್ರು. ನೀನು ಜನಾರ್ದನಣ್ಣನ ಮನೆಗೆ ಹೋಗುವವಳಲ್ವಾ ಅಂತ ನನ್ನ ಬ್ಯಾಗು ತೆಗೊಂಡು ನಡೆದೇಬಿಟ್ರು. ಬ್ಯಾಗಿನ ಹಿಂದೆ ನಾನೂ ಹೋಗ್ಬೇಕಾಯ್ತು. ಕುಂಬ್ರ ಅಂತ ಕೂಗಿದಾಗ ಸುಳ್ಯದ ಬಸ್ಸು ಅಂತ ಗೊತ್ತಾಯ್ತು, ನಾನು ರಾಮಕುಂಜಕ್ಕೆ ಹೋಗುವವಳು ಅಂತ ಕಂಡಕ್ಟರಿಗೆ ಹೇಳಿದೆ. ಗೊತ್ತುಂಟು, ಗೊತ್ತುಂಟು, ನಿಮ್ಮನ್ನು ಜಾಲ್ಸೂರಿನಲ್ಲಿ ಇಳಿಸ್ಲಿಕ್ಕೆ ಹೇಳಿದ್ದಾರೆ ಅಂದ್ರು. ಯಾರೂ ಕೇಳುದೇ ಇಲ್ಲ ದೊಡ್ಡಮ್ಮ."

ತಮ್ಮ ಫೋನು ಕಸಿದುಕೊಂಡ. "ಅಲ್ಲೇ ನಿಲ್ಲು ಮಗಾ. ಮನೆಗೆ ಫೋನ್ ಮಾಡ್ತೇನೆ, ಜೀಪು ಬರ್ತದೆ."

"ಬೇಡ ಮಾವ. ಜೀಪು ಬಂದ್ರೂ ನಾನು ಹತ್ತುದಿಲ್ಲ."

ನಾನು ಆಗಲೇ ಚಪ್ಪಲಿ ಮೆಟ್ಟಿ ಕೊಡೆ ಕೈಗೆ ತೆಗೆದುಕೊಂಡಿದ್ದೆ. ಕಡಬದಿಂದ ಬಾಡಿಗೆ ಕಾರು ತರಿಸುವ ಯೋಚನೆ. ನನ್ನ ಹೆಜ್ಜೆಯ ಸದ್ದು ಅವಳಿಗೆ ಫೋನಿನಲ್ಲೇ ಕೇಳಿರಬೇಕು.

"ದೊಡ್ಡಮ್ಮ ಎಲ್ಲಿಗೆ ಹೊರಟದ್ದು? ಪ್ರಾರ್ಥನೆ ಆಗಿದೆ, ನೆನಪುಂಟಲ್ಲ?"

ನಾನು ನಿಂತೆ. ತಮ್ಮ ರೇಗಿದ, "ಅಕ್ಕ, ನಿನಗೆ ಮರುಳಾ? ಕತ್ತಲೆ ಆಗ್ತದೆ!"

"ಅವಳಿಗೆ ಕತ್ತಲೆಯಾದರೆ ಎಂತ ವ್ಯತ್ಯಾಸ?" ಎಂದೆ. ಹೇಳಿದ ಮೇಲೆ ನನಗೇ ಕಣ್ಣೀರು ಬಂತು. ಕೊಡೆಯನ್ನು ಅದರ ಮೊಳೆಗೆ ತೂಗುಹಾಕಿ, ಒಳಗೆ ಹೋಗಿ ದೇವರ ಮುಂದೆ ಕುಳಿತೆ. ಇಷ್ಟು ವರ್ಷ ಇವಳಿಗೆ ಕಣ್ಣು ಕೊಡು, ನನಗೆ ಆಯುಷ್ಯ ಕೊಡು ಎಂದು ಬೇಡಿದವಳು ನಾನು. ಆ ಹೊತ್ತು ಬೇಡಿದ್ದು ಒಂದೇ. ತಾಯೀ, ನನ್ನನ್ನು ಈ ಮಣೆಯಿಂದ ಏಳಿಸಬೇಡ.

ಅಮ್ಮ ಏಳಿಸಲಿಲ್ಲ. ಎಂಟು ಗಂಟೆಗೆ ಸ್ವಲ್ಪ ಮೊದಲು ಗೇಟಿನೆದುರು ಬಸ್ಸು ನಿಂತ ಸದ್ದು, ಅದರ ಹಿಂದೆ ಕೋಲು ನೆಲಕ್ಕೆ ತಾಗುವ ಸದ್ದು ಕೇಳಿತು. ನಾನು ಎದ್ದು ಹೊರಗೆ ಬರುವಷ್ಟರಲ್ಲಿ ಧನ್ಯಾ ಮೆಟ್ಟಿಲು ಹತ್ತಿಯಾಗಿತ್ತು.

ಜಾಲ್ಸೂರಿನಲ್ಲಿ ಅವಳ ಕೈ ಹಿಡಿದೆಳೆಯಲು ಮೂವರು ಬಂದರಂತೆ. "ನೀವು ನನ್ನನ್ನು ಹಿಡಿಯುದು ಬೇಡ, ನಾನು ನಿಮ್ಮ ಮೊಣಕೈ ಹಿಡೀತೇನೆ. ಪುತ್ತೂರಿನ ಬಸ್ಸು ನಿಲ್ಲುವ ಬದಿಗೆ ದಾಟಿಸಿ" ಎಂದಳಂತೆ. ಪುತ್ತೂರಿನಲ್ಲಿ ಮತ್ತೆ ಯಾರೋ ಬ್ಯಾಗಿಗೆ ಕೈ ಹಾಕಿದಾಗ, ಬಸ್‌ಸ್ಟ್ಯಾಂಡಿಗೆಲ್ಲ ಕೇಳುವ ಹಾಗೆ "ಬ್ಯಾಗು ಬಿಡಿ!" ಎಂದು ಕೂಗಿದಳಂತೆ. ಅವರು ಪಾಪ, ಅವಳಿಗೆಂದೇ ಸೀಟಿನಲ್ಲಿ ಬ್ಯಾಗು ಇಟ್ಟು ಜಾಗ ಹಿಡಿಯಲು ಬಂದವರು.

"ನಿನ್ನ ದೊಡ್ಡಮ್ಮನ ಸ್ವರವೇ ನಿನಗೆ ಬಂದದ್ದು" ಎಂದು ತಮ್ಮ ನಕ್ಕ. ನಗುತ್ತಲೇ ಕಣ್ಣೊರೆಸಿಕೊಂಡ. ಆಮೇಲೆ ತಾನಾಗಿಯೇ ಮನೆಗೆ ಫೋನು ಮಾಡಿ, "ಆ ಕೋಣೆಗೆ ಮಂಚ ಹಾಕುದು ಬೇಡ. ಅವಳು ರಜೆಯಲ್ಲಿ ಬರ್ತಾಳೆ, ಬಸ್ಸಿನಲ್ಲಿ" ಎಂದ.

ನನ್ನ ಹೃದಯ ಮೊದಲಿನಂತಾಗಿಲ್ಲ, ಧನ್ಯಾಳಿಗೆ ಕಣ್ಣೂ ಬಂದಿಲ್ಲ. ಆದರೆ ನನ್ನ ನಂತರ ಯಾರು ಎಂಬ ಪ್ರಶ್ನೆ ಆ ಸಂಜೆ ಎದೆಯಿಂದ ಎದ್ದು ಹೋಯಿತು. ನನ್ನ ನಂತರ ಅವಳೇ. ಕೇಳಬೇಕಾದದ್ದನ್ನು ಕೇಳಬೇಕಾದವಳ ಬಾಯಿಂದಲೇ ಕೇಳಿಸಿ ನಡೆಸಿಕೊಟ್ಟ ಅಮ್ಮನವರಿಗೆ ಕೋಟಿ ನಮಸ್ಕಾರ.

ಊಟವಾದ ಮೇಲೆ ಹಾಸ್ಟೆಲಿಗೆ ಒಯ್ಯುವ ಟ್ರಂಕನ್ನು ಅವಳೇ ತುಂಬಿದಳು. ನಾನು ಕುರ್ಚಿಯಲ್ಲಿ ಕುಳಿತು ನೋಡಿದೆ. ನಮ್ಮ ಹಾಸ್ಟೆಲಿನಲ್ಲಿ ಪ್ರತಿ ಟ್ರಂಕಿನ ಎರಡನೆಯ ಕೀಲಿಕೈ ವಾರ್ಡನ್ ಬಳಿ ಇರಬೇಕೆಂಬ ನಿಯಮವಿತ್ತು. ಅಭ್ಯಾಸಬಲದಿಂದ ಒಂದನ್ನು ನನ್ನ ಸೆರಗಿಗೆ ಕಟ್ಟಿಕೊಂಡಿದ್ದೆ. ಗಂಟು ಬಿಚ್ಚಿ, ಎರಡೂ ಕೀಲಿಕೈಗಳನ್ನು ಧನ್ಯಾಳ ಅಂಗೈಯಲ್ಲಿಟ್ಟೆ. ಅವಳು ಬೀಗ ಹಾಕಿ ಎಳೆದು ನೋಡಿದಳು. ಭದ್ರವಾಗಿತ್ತು.